ಮಳೆಗಾಲ ಕಳೆದ ಹಳೆಯ ಬೈಕ್: ಕಿಕ್ ಹೊಡೆಯುವುದು ಕೊನೆಯ ಕೆಲಸ

ಆಯುಧ ಪೂಜೆ ಹತ್ತಿರ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಹಳೆಯ ಗಾಡಿಗಳು ಅಂಗಳಕ್ಕೆ ಇಳಿಯುತ್ತವೆ. ಆರ್‌ಎಕ್ಸ್ 100, ಯೆಜ್ಡಿ, ಹಳೆಯ ಬುಲೆಟ್, ಕೆಲವು ಮನೆಗಳಲ್ಲಿ ತೊಂಬತ್ತರ ದಶಕದ ಗುಡ್ಡಗಾಡು ಸೈಕಲ್ ಕೂಡ. ಜೂನ್‌ನಿಂದ ಹೊದಿಕೆಯಡಿ ನಿಂತ ಬೈಕಿಗೆ ಹಳೆಯ ಪೆಟ್ರೋಲಿನ ಮೇಲೆಯೇ ಒಂದು ಲೀಟರ್ ಹೊಸದು ಸುರಿದು, ಚೋಕ್ ಎಳೆದು, ಕಿಕ್ ಹೊಡೆಯಲು ಶುರು ಮಾಡುತ್ತಾರೆ. ಆಮೇಲೆ ನನಗೆ ಬರುವ ಪ್ರಶ್ನೆಗಳು ಪ್ರತಿ ವರ್ಷವೂ ಅವೇ: ಕಿಕ್ಕರ್ ಕೆಳಗೇ ಇಳಿಯುತ್ತಿಲ್ಲ, ಹೊಸ ಪ್ಲಗ್ ಹಾಕಿದರೂ ಸ್ಟಾರ್ಟ್ ಆಗುತ್ತಿಲ್ಲ, ಸ್ಟಾರ್ಟ್ ಆಯಿತು, ಆದರೆ ರೇಸ್ ಇಳಿಯುತ್ತಿಲ್ಲ.

ಈ ಮೂರಕ್ಕೂ ಹೆಚ್ಚಿನ ಸಲ ಕಾರಣ ಒಂದೇ. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿದ್ದಾರೆ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಪೂಜೆಗೆ ಗಾಡಿ ಬೇಕಿದ್ದರೆ ಒಂದು ವಾರ ಮೊದಲೇ ಕೈ ಹಚ್ಚಿ, ಏಕೆಂದರೆ ನಡುವೆ ಎರಡು ಕಡೆ ರಾತ್ರಿಯಿಡೀ ಕಾಯುವುದಿದೆ.

ಕೈಯಲ್ಲಿ ಇರಬೇಕಾದದ್ದು

ಪ್ಲಗ್ ಸ್ಪ್ಯಾನರ್, 8ರಿಂದ 17ರವರೆಗಿನ ಸ್ಪ್ಯಾನರ್‌ಗಳು, ಸಣ್ಣ ಸಂದಿ ಅಳೆಯುವ ಫೀಲರ್ ಗೇಜ್, ಒಳ್ಳೆಯ ಟಾರ್ಚ್, ಸೂಜಿ ತೆಗೆದ ಸಿರಿಂಜ್, ಕಾರ್ಬೊರೇಟರ್ ಕ್ಲೀನರ್, ತುಕ್ಕು ಸಡಿಲಿಸುವ ಸ್ಪ್ರೇ, 2ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನದ್ದು), ಹೊಸ ಪೆಟ್ರೋಲ್ ಪೈಪ್, ಹೊಸ ಪ್ಲಗ್, ಹತ್ತಿ ಬಟ್ಟೆ. ಹಳೆಯ ಬುಲೆಟ್‌ನ ಕೆಲವು ನಟ್‌ಗಳಿಗೆ ಮಿಲಿಮೀಟರ್ ಸ್ಪ್ಯಾನರ್ ಸರಿಯಾಗಿ ಕೂರುವುದಿಲ್ಲ, ಇಂಚಿನ ಅಳತೆಯದ್ದು ಬೇಕು. ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇವೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ.

ಸ್ಟಾರ್ ಸ್ಕ್ರೂಡ್ರೈವರ್ ವಿಷಯದಲ್ಲಿ ಜಿಪುಣತನ ಬೇಡ. ತುದಿ ಸವೆದ ಸ್ಕ್ರೂಡ್ರೈವರ್ ಕಾರ್ಬೊರೇಟರ್‌ನ ಸ್ಕ್ರೂ ತಲೆಯನ್ನು ತಿಂದುಹಾಕುತ್ತದೆ, ಆಮೇಲೆ ಕೊರೆದು ತೆಗೆಯುವ ಕೆಲಸ ಬೀಳುತ್ತದೆ.

ಜಾಗವನ್ನೂ ಯೋಚಿಸಿ ಆರಿಸಿ. ನಮ್ಮ ಕಡೆ ಗಾಡಿ ನಿಲ್ಲಿಸುವುದು ಹೆಚ್ಚಾಗಿ ಕಟ್ಟಿಗೆ ರಾಶಿಯ ಪಕ್ಕ, ಬಚ್ಚಲಿನ ಒಲೆಗೆ ನಾಲ್ಕು ಹೆಜ್ಜೆ ದೂರದಲ್ಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಿದು ಒಲೆಯ ಕೆಂಡವನ್ನು ತಲುಪುತ್ತದೆ. ಗಾಡಿಯನ್ನು ತೆರೆದ ಅಂಗಳಕ್ಕೆ ತನ್ನಿ.

ಹಂತ 1: ತೂತುಗಳನ್ನೆಲ್ಲ ನೋಡಿ

ನಾಲ್ಕು ತಿಂಗಳಲ್ಲಿ ಗಾಡಿಯೊಳಗೆ ಯಾರು ಮನೆ ಮಾಡಿದ್ದಾರೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಸೈಲೆನ್ಸರ್ ಬಾಯಿಗೆ ಟಾರ್ಚ್ ಬಿಡಿ. ಕುಂಬಾರ ಹುಳಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಬೆರಳ ಗಾತ್ರದ ಕೆಂಪು ಮಣ್ಣಿನ ಗೂಡುಗಳನ್ನು ಒಂದರ ಪಕ್ಕ ಒಂದು ಕಟ್ಟಿ ಬಾಯಿಯನ್ನು ಪೂರ್ತಿ ಮುಚ್ಚಿರುತ್ತದೆ. ಹೊಗೆಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಎಂಜಿನ್ ಒಂದೆರಡು ಸಲ ಕೆಮ್ಮಿ ನಿಲ್ಲುತ್ತದೆ, ನೀವು ಕಾರ್ಬೊರೇಟರ್ ಬಿಚ್ಚುತ್ತಾ ಕೂರುತ್ತೀರಿ. ಉದ್ದನೆಯ ತಂತಿಯಿಂದ ಗೂಡನ್ನು ಹೊರಕ್ಕೆ ಎಳೆಯಿರಿ, ಒಳಕ್ಕೆ ತಳ್ಳಬೇಡಿ.

ಇದೇ ಹುಳ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಗಾಳಿ ತೂತನ್ನೂ ಮುಚ್ಚುತ್ತದೆ. ಗಾಡಿ ಸರಿಯಾಗಿ ಓಡುತ್ತಾ ಹದಿನೈದು ನಿಮಿಷಕ್ಕೆ ನಿಂತು, ಮುಚ್ಚಳ ತೆರೆದ ಕೂಡಲೇ ಮತ್ತೆ ಸ್ಟಾರ್ಟ್ ಆದರೆ ಕಾರಣ ಈ ತೂತು. ಏರ್ ಫಿಲ್ಟರ್ ಪೆಟ್ಟಿಗೆಯನ್ನೂ ತೆರೆಯಿರಿ. ಇಲಿಗಳು ತೆಂಗಿನ ನಾರು ತಂದು ಗೂಡು ಮಾಡಿರುತ್ತವೆ, ಜೊತೆಗೆ ವೈರಿಂಗನ್ನೂ ಕಡಿದಿರುತ್ತವೆ. ಸ್ಪಂಜಿನ ಫಿಲ್ಟರ್ ಮುಟ್ಟಿದರೆ ಪುಡಿಯಾಗುವಂತಿದ್ದರೆ ತೊಳೆದು ಮತ್ತೆ ಹಾಕುವ ಯೋಚನೆ ಬಿಡಿ. ಆ ಪುಡಿ ನೇರವಾಗಿ ಸಿಲಿಂಡರಿಗೆ ಹೋಗುತ್ತದೆ.

ಹಂತ 2: ಪಿಸ್ಟನ್ ಅಲುಗಾಡುತ್ತದೆಯೇ?

ಪ್ಲಗ್ ಸುತ್ತಲಿನ ಧೂಳನ್ನು ಬ್ರಷ್‌ನಿಂದ ತೆಗೆದ ಮೇಲೆಯೇ ಪ್ಲಗ್ ಬಿಚ್ಚಿ. ಸಿರಿಂಜ್‌ನಿಂದ ಐದರಿಂದ ಹತ್ತು ಮಿಲಿಲೀಟರ್ ಆಯಿಲನ್ನು ಆ ತೂತಿನೊಳಗೆ ಬಿಟ್ಟು, ಬಾಯಿಗೆ ಬಟ್ಟೆ ತುರುಕಿ ರಾತ್ರಿಯಿಡೀ ಬಿಡಿ. ನಮ್ಮ ಕರಾವಳಿಯ ಉಪ್ಪು ತೇವ ತೆರೆದ ಪೋರ್ಟ್ ಅಥವಾ ವಾಲ್ವ್ ಮೂಲಕ ಒಳಹೋಗಿ ಸಿಲಿಂಡರ್ ಗೋಡೆಯ ಮೇಲೆ ತೆಳುವಾದ ತುಕ್ಕು ಕಟ್ಟಿಸುತ್ತದೆ, ಪಿಸ್ಟನ್ ರಿಂಗ್ ಅದಕ್ಕೆ ಅಂಟುತ್ತದೆ. ಒಣಗಿದ ಸ್ಥಿತಿಯಲ್ಲಿ ಕಿಕ್ ಹೊಡೆದರೆ ಆ ತುಕ್ಕಿನ ಮೇಲೆಯೇ ರಿಂಗ್ ಉಜ್ಜುತ್ತಾ ಹೋಗುತ್ತದೆ.

ಮರುದಿನ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟಾಪ್ ಗೇರ್ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಕೈಗೆ ಎಂಜಿನ್ನಿನ ಸ್ಥಿತಿ ತಿಳಿಯುತ್ತದೆ, ಕಾಲಿಗೆ ತಿಳಿಯುವುದಿಲ್ಲ. ನಯವಾಗಿ ತಿರುಗಿದರೆ ಮುಂದಿನ ಹಂತಕ್ಕೆ ಹೋಗಿ. ಜಾಮ್ ಆಗಿದ್ದರೆ ತುಕ್ಕಿನ ಸ್ಪ್ರೇ ಬಿಟ್ಟು ಮೂರು ನಾಲ್ಕು ದಿನ ಕಾದು, ದಿನಕ್ಕೆರಡು ಸಲ ಚಕ್ರ ಅಲುಗಾಡಿಸಿ. ಆಗಲೂ ಬಿಡದಿದ್ದರೆ ಹೆಡ್ ಮತ್ತು ಬ್ಲಾಕ್ ಬಿಚ್ಚಲೇಬೇಕು. ಕಿಕ್ಕರ್ ಮೇಲೆ ನಿಂತು ಹಾರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಿಕ್ ಗೇರಿನ ಹಲ್ಲು ಮುರಿಯುತ್ತದೆ. ಆರ್‌ಎಕ್ಸ್ 100, ಯೆಜ್ಡಿಯಂತಹ ಟೂ ಸ್ಟ್ರೋಕ್‌ನಲ್ಲಿ ರಿಂಗ್ ತುಂಡು ಸಿಲಿಂಡರ್ ಗೋಡೆಯ ತೂತಿಗೆ (ಪೋರ್ಟ್) ಸಿಕ್ಕಿ ಗೋಡೆಯನ್ನೇ ಕೆರೆದುಹಾಕುತ್ತದೆ.

ಚಕ್ರ ತಿರುಗಿಸುವಾಗ ಪ್ಲಗ್ ತೂತಿನಿಂದ ಪೆಟ್ರೋಲ್ ಚಿಮ್ಮಿದರೆ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಸೋರಿ, ಎಂಜಿನ್ನಿನ ಕೆಳಭಾಗದ ಕ್ರ್ಯಾಂಕ್ ಕೇಸ್ ತುಂಬಿದೆ ಎಂದರ್ಥ. ಪೂರ್ತಿ ಹೊರಹಾಕದೆ ಮುಂದುವರಿಯಬೇಡಿ. ಬುಲೆಟ್‌ನಂತಹ ಫೋರ್ ಸ್ಟ್ರೋಕ್ ಗಾಡಿಯಾದರೆ ಎಂಜಿನ್ ಆಯಿಲನ್ನು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಮಟ್ಟ ಏರಿದ್ದರೆ, ಅಥವಾ ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ, ಸ್ಟಾರ್ಟ್ ಮಾಡುವ ಮೊದಲೇ ಬದಲಿಸಬೇಕು. ಹಳೆಯ ಕಾಸ್ಟ್ ಐರನ್ ಬುಲೆಟ್‌ನಲ್ಲಿ ತಿಂಗಳುಗಟ್ಟಲೆ ನಿಂತಾಗ ಆಯಿಲ್ ತನ್ನ ತೊಟ್ಟಿಯಿಂದ ಎಂಜಿನ್ ತಳದ ಸಂಪ್‌ಗೆ ಇಳಿದುಬಿಡುತ್ತದೆ. ಅದನ್ನು ಬಸಿದು, ಮೇಲೆ ಹೊಸದನ್ನು ಹಾಕಿ.

ಹಂತ 3: ಟ್ಯಾಂಕ್ ಖಾಲಿ ಮಾಡಿ

ಆರ್‌ಎಕ್ಸ್ 100 ಮತ್ತು ಮೈಸೂರಿನ ಯೆಜ್ಡಿ, ಎರಡರ ತಯಾರಿಕೆಯೂ ನಿಂತದ್ದು 1996ರಲ್ಲಿ. ಅವುಗಳ ರಬ್ಬರ್ ಭಾಗಗಳನ್ನು ಮಾಡುವಾಗ ಎಥನಾಲ್ ಬೆರೆತ ಪೆಟ್ರೋಲಿನ ಯೋಚನೆಯೇ ಇರಲಿಲ್ಲ. ಈಗ ಬಂಕ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 20ರಷ್ಟು ಎಥನಾಲ್ ಇರುವ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹೀರಿದ ನೀರು ಒಂದು ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಹವೆಯಲ್ಲಿ ಅರ್ಧ ತುಂಬಿದ ಟ್ಯಾಂಕ್ ಎಂದರೆ ಇದಕ್ಕೆ ಹೇಳಿ ಮಾಡಿಸಿದ ಪಾತ್ರೆ.

ಪೆಟ್ರೋಲನ್ನು ಪಾರದರ್ಶಕ ಗಾಜಿನ ಬಾಟಲಿಗೆ ಇಳಿಸಿ ಹತ್ತು ನಿಮಿಷ ಬಿಟ್ಟು ನೋಡಿ. ಎರಡು ಪದರ ಕಂಡರೆ ಅಥವಾ ಹುಳಿ ವಾಸನೆ ಬಂದರೆ ಅದು ಎಂಜಿನ್ನಿಗೆ ಯೋಗ್ಯವಲ್ಲ, ಹೊಸದರ ಜೊತೆ ಬೆರೆಸಿದರೂ ಅಲ್ಲ. ತೋಡಿಗೆ, ತೋಟಕ್ಕೆ ಸುರಿಯಲೇಬೇಡಿ. ಮನೆಗೊಂದು ಬಾವಿ ಇರುವ ಊರು ನಮ್ಮದು, ಮುರಕಲ್ಲಿನ ನೆಲದಲ್ಲಿ ಸುರಿದದ್ದು ಬಾವಿಗೆ ಇಳಿಯಲು ಹೆಚ್ಚು ಕಾಲ ಬೇಕಿಲ್ಲ. ಮುಚ್ಚಳವಿರುವ ಕ್ಯಾನ್‌ನಲ್ಲಿಟ್ಟು, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೇಳಿ ಕೊಡಿ.

ಒಳಗೆ ಟಾರ್ಚ್ ಬಿಟ್ಟಾಗ ಕಂದು ಪುಡಿ ಮಾತ್ರ ಕಂಡರೆ ಟ್ಯಾಂಕನ್ನು ಬಿಚ್ಚಿ, ಕಾಕ್ ತೆಗೆದು ಆ ಜಾಗ ಮುಚ್ಚಿ, ಬಿಳಿ ವಿನೆಗರ್ ತುಂಬಿ ಒಂದು ದಿನ ಬಿಡಿ. ಹಳೆಯ ಸೈಕಲ್ ಚೈನಿನ ತುಂಡೊಂದನ್ನು ಒಳಗೆ ಬಿಟ್ಟು ಕುಲುಕಿದರೆ ತುಕ್ಕು ಬೇಗ ಬಿಡುತ್ತದೆ. ಚೈನಿನ ತುದಿಗೆ ತಂತಿ ಕಟ್ಟಿರಲಿ. ಆಮೇಲೆ ನೀರು, ಅಡುಗೆ ಸೋಡಾ ಕರಗಿಸಿದ ನೀರು, ಮತ್ತೆ ನೀರು. ಬಿಸಿಲಿಗೆ ಒಣಗಿಸಿದ ತಕ್ಷಣ ಸ್ವಲ್ಪ 2ಟಿ ಆಯಿಲ್ ಬೆರೆಸಿದ ಪೆಟ್ರೋಲನ್ನು ಒಳಗೆಲ್ಲ ಸುತ್ತಾಡಿಸಿ. ತೊಳೆದ ಉಕ್ಕು ಗಂಟೆಯೊಳಗೆ ಮತ್ತೆ ಕೆಂಪಾಗುತ್ತದೆ.

ಬಚ್ಚಲು ತೊಳೆಯುವ ಆ್ಯಸಿಡ್ ಬಳಸಿ ಟ್ಯಾಂಕ್ ಕಳೆದುಕೊಂಡವರು ಬಹಳ ಮಂದಿ. ತುಕ್ಕಿನ ಜೊತೆ ತಗಡನ್ನೂ ಅದು ತಿನ್ನುತ್ತದೆ, ಬೆಸುಗೆಯ ಅಂಚಿನಲ್ಲಿ ಸೂಜಿ ತೂತು ಬೀಳುತ್ತದೆ. ಗಟ್ಟಿಯಾದ ಪೆಟ್ರೋಲ್ ಪೈಪ್, ಕಾಕ್ ವಾಷರ್ ಎರಡನ್ನೂ ಈಗಲೇ ಬದಲಿಸಿ.

ಹಂತ 4: ಕಾರ್ಬೊರೇಟರ್

ಹೆಚ್ಚಿನವರು ಸೋಲುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಓದಿ.

ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಕಾರ್ಬೊರೇಟರ್ ಬದಿಯ ಏರ್ ಸ್ಕ್ರೂವನ್ನು ಮೃದುವಾಗಿ ಒಳಕ್ಕೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಕೂತಿತು ಎಂದು ಬರೆದಿಟ್ಟುಕೊಳ್ಳಿ. ಜೋಡಿಸುವಾಗ ಅಷ್ಟೇ ಸುತ್ತು ಹೊರಗಿಡಬೇಕು. ಬಿಗಿಯಾಗಿ ಒತ್ತಿದರೆ ಸ್ಕ್ರೂವಿನ ಮೊನೆ ಕೆಡುತ್ತದೆ.

ಕೆಳಗಿನ ಬಟ್ಟಲನ್ನು ತೆರೆದರೆ ಒಳಗೆ ಹಸಿರು ಮಿಶ್ರಿತ ಬಿಳಿ ಪುಡಿ ಅಥವಾ ಅಂಟಂಟಾದ ಕಂದು ಪದರ ಕಾಣಬಹುದು. ಕಂದು ಪದರ ಆವಿಯಾಗಿ ಹೋದ ಪೆಟ್ರೋಲ್ ಬಿಟ್ಟುಹೋದ ಶೇಷ, ಪುಡಿ ತೇವಕ್ಕೆ ಲೋಹ ಕೊರೆದುಹೋದದ್ದು. ಜೆಟ್ ಎಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿರುವ ಹಿತ್ತಾಳೆಯ ತಿರುಪು. ಮೇನ್ ಜೆಟ್‌ನ ತೂತು ದೊಡ್ಡದು, ಸುಲಭದಲ್ಲಿ ಮುಚ್ಚುವುದಿಲ್ಲ. ತೊಂದರೆ ಕೊಡುವುದು ಪೈಲಟ್ ಜೆಟ್. ಬಿಚ್ಚಿ ಆಕಾಶದತ್ತ ಹಿಡಿದು ಒಂದು ಕಣ್ಣಿನಿಂದ ನೋಡಿ. ನಡುವೆ ದುಂಡಗಿನ, ಅಂಚು ಸ್ಪಷ್ಟವಾದ ಬೆಳಕಿನ ಚುಕ್ಕೆ ಕಾಣಬೇಕು. ಚುಕ್ಕೆ ಮಸುಕಾಗಿದ್ದರೆ ಅಥವಾ ಅರ್ಧಚಂದ್ರದಂತಿದ್ದರೆ ಜೆಟ್ ಇನ್ನೂ ಸ್ವಚ್ಛವಾಗಿಲ್ಲ. ಚೋಕ್ ಹಾಕಿದಾಗ ಮಾತ್ರ ಓಡಿ, ಚೋಕ್ ತೆಗೆದ ಕೂಡಲೇ ನಿಲ್ಲುವ ಗಾಡಿಗಳ ಕಥೆ ಸಾಮಾನ್ಯವಾಗಿ ಈ ಚುಕ್ಕೆಯದ್ದೇ.

ಜೆಟ್‌ಗೆ ಗುಂಡುಸೂಜಿ, ಉಕ್ಕಿನ ತಂತಿ ತೂರಿಸಬೇಡಿ. ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಪೆಟ್ರೋಲಿನ ಲೆಕ್ಕವೇ ತಪ್ಪುತ್ತದೆ. ಕ್ಲೀನರ್‌ನಲ್ಲಿ ನೆನೆಸಿ, ವೈರ್‌ನ ಒಳಗಿನ ಒಂದೇ ಒಂದು ತಾಮ್ರದ ಎಳೆಯಿಂದ ಬಿಡಿಸಿ, ಮತ್ತೆ ಸ್ಪ್ರೇ ಹೊಡೆಯಿರಿ. ಕಣ್ಣಿಗೆ ಸಿಡಿಯುತ್ತದೆ, ಕನ್ನಡಕ ಇರಲಿ. ಕಾರ್ಬೊರೇಟರ್ ದೇಹದೊಳಗಿನ ದಾರಿಗಳಿಗೂ ಸ್ಪ್ರೇ ಹೊಡೆದು, ಒಂದು ಕಡೆ ಹೊಡೆದದ್ದು ಇನ್ನೊಂದು ಕಡೆ ಬರುತ್ತದೆಯೇ ನೋಡಿ.

ಜೋಡಿಸುವಾಗಿನ ದೊಡ್ಡ ತಪ್ಪು ಸ್ಲೈಡ್ (ಆಕ್ಸಿಲರೇಟರ್ ಕೇಬಲ್ ಮೇಲೆತ್ತುವ ಭಾಗ) ಹಿಂದುಮುಂದಾಗುವುದು. ಸ್ಲೈಡ್‌ನ ಕೆಳಗೆ ಕತ್ತರಿಸಿದ ಭಾಗ ಏರ್ ಫಿಲ್ಟರ್ ಕಡೆಗೇ ಇರಬೇಕು. ತಿರುವುಮುರುವಾದರೆ ಸ್ಟಾರ್ಟ್ ಆದ ಕ್ಷಣವೇ ಎಂಜಿನ್ ಕಿರುಚುತ್ತದೆ. ಜೋಡಿಸಿದ ಮೇಲೆ ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ಸ್ಲೈಡ್ ಟಕ್ಕೆಂದು ಕೆಳಗೆ ಬೀಳುವ ಸದ್ದು ಕೇಳಬೇಕು. ಕೇಳದಿದ್ದರೆ ಕೇಬಲ್ ಒಳಗೆ ತುಕ್ಕು ಹಿಡಿದಿದೆ. ಆಯಿಲ್ ಇಳಿಸಿ ನೋಡಿ, ಆಗದಿದ್ದರೆ ಬದಲಿಸಿ.

ಹಂತ 5: ಕಿಡಿ

ಹೊಸ ಪ್ಲಗ್‌ನ ಗ್ಯಾಪನ್ನೂ ಅಳೆಯಿರಿ, ಸಾಮಾನ್ಯವಾಗಿ 0.6ರಿಂದ 0.7 ಮಿಲಿಮೀಟರ್. ಕ್ಯಾಪ್‌ಗೆ ಸಿಕ್ಕಿಸಿ, ಲೋಹದ ಭಾಗವನ್ನು ಹೆಡ್‌ಗೆ ಒತ್ತಿ ಹಿಡಿದು ಕಿಕ್ಕರನ್ನು ಕೈಯಿಂದ ತಳ್ಳಿ. ನೀಲಿ ಕಿಡಿ ಬರಬೇಕು. ಪ್ಲಗ್ ತೂತಿನ ಹತ್ತಿರ ಹಿಡಿಯಬೇಡಿ, ಅಲ್ಲಿಂದ ಬರುವ ಆವಿಗೆ ಬೆಂಕಿ ಹತ್ತುತ್ತದೆ. ತೂತಿಗೆ ಬಟ್ಟೆ ಮುಚ್ಚಿರಲಿ.

ಹಳೆಯ ಬುಲೆಟ್, ಯೆಜ್ಡಿಯಂತಹ, ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ತೆರೆದು ಮುಚ್ಚುವ ಸಣ್ಣ ಸ್ವಿಚ್) ಇರುವ ಗಾಡಿಗಳಲ್ಲಿ ಕಿಡಿ ಇಲ್ಲದಿದ್ದರೆ ಕಾಯಿಲ್ ಬದಲಿಸುವ ಮೊದಲು ಪಾಯಿಂಟ್ ನೋಡಿ. ತೇವಕ್ಕೆ ಅದರ ಮುಖದ ಮೇಲೆ ಬೂದು ಪದರ ಕಟ್ಟಿರುತ್ತದೆ. ನುಣುಪಾದ ಮರಳು ಕಾಗದದಿಂದ ಉಜ್ಜಿ, ಕೊನೆಗೆ ಶುಭ್ರವಾದ ದಪ್ಪ ಕಾಗದ ಎಳೆಯಿರಿ. ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಅಷ್ಟಾದರೂ ಕಿಡಿ ಇಲ್ಲದಿದ್ದರೆ ಅರ್ತ್ ವೈರಿನ ಬೋಲ್ಟ್ ಬಿಚ್ಚಿ, ಕೆಳಗಿನ ತುಕ್ಕು ಉಜ್ಜಿ.

ಹಂತ 6: ನಿಲ್ಲಿಸುವ ವ್ಯವಸ್ಥೆ, ಓಡಿಸುವ ಮೊದಲು

ಎಂಜಿನ್ ಸದ್ದು ಕೇಳಿದ ಮೇಲೆ ಯಾರಿಗೂ ಬ್ರೇಕ್ ಬಿಚ್ಚುವ ತಾಳ್ಮೆ ಉಳಿಯುವುದಿಲ್ಲ. ಅದಕ್ಕೇ ಇದು ಸ್ಟಾರ್ಟ್ ಮಾಡುವ ಮೊದಲಿನ ಹಂತ. ಎರಡೂ ಚಕ್ರ ತೆಗೆದು ಡ್ರಮ್ ನೋಡಿ. ಶೂ ಮೇಲಿನ ಲೈನರ್‌ನ ಅಂಚನ್ನು ಉಗುರಿನಿಂದ ಎತ್ತಿ ನೋಡಿ. ಅಂಟು ಬಿಟ್ಟ ಲೈನರ್ ಓಡುವಾಗ ಕಳಚಿ ಚಕ್ರವನ್ನೇ ಹಿಡಿದುಬಿಡುತ್ತದೆ. ಶೂಗಳನ್ನು ಅಗಲಿಸುವ ಬ್ರೇಕ್ ಕ್ಯಾಮ್ ಹೊರತೆಗೆದು ತುಕ್ಕು ಉಜ್ಜಿ, ಕಡಲೆಕಾಳಿನಷ್ಟು ಗ್ರೀಸ್ ಮಾತ್ರ ಸವರಿ. ಹಳೆಯ ಲೈನರ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಆ ಪುಡಿಯನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಎಸೆಯಿರಿ.

ಕ್ಲಚ್ ಪ್ಲೇಟುಗಳು ಅಂಟಿಕೊಂಡಿರುತ್ತವೆ. ಗೇರ್ ಹಾಕಿ, ಕ್ಲಚ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ತಳ್ಳಿ. ಬಿಡದಿದ್ದರೆ, ಹಂತ 7ರಲ್ಲಿ ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ ಎಂಜಿನ್ ಬಿಸಿಯಾದ ಮೇಲೆ, ಆಫ್ ಮಾಡಿ ಮತ್ತೆ ಪ್ರಯತ್ನಿಸಿ. ಅಲ್ಲಿಯವರೆಗೆ ಗೇರ್‌ನಲ್ಲಿಟ್ಟು ಸ್ಟಾರ್ಟ್ ಮಾಡಿದರೆ, ಕ್ಲಚ್ ಹಿಡಿದಿದ್ದರೂ ಗಾಡಿ ಮುಂದಕ್ಕೆ ಹಾರುತ್ತದೆ. ಟೈರಿನ ಬದಿಯಲ್ಲಿ ಬಿರುಕಿದ್ದರೆ ಬದಲಿಸಿ, ಅದರಲ್ಲಿ ಯೋಚಿಸುವುದೇನೂ ಇಲ್ಲ.

ಹಂತ 7: ಈಗ ಕಿಕ್

ಒಂದು ಲೀಟರ್ ಹೊಸ ಪೆಟ್ರೋಲ್ ಸಾಕು. ಟೂ ಸ್ಟ್ರೋಕ್ ಆದರೆ, ಆಯಿಲ್ ಪಂಪ್ ಇರುವ ಗಾಡಿಯಾದರೂ, ಈ ಮೊದಲ ಲೀಟರಿಗೆ 30ರಿಂದ 40 ಮಿಲಿಲೀಟರ್ 2ಟಿ ಆಯಿಲ್ ಬೆರೆಸಿ. ಪಂಪಿನ ಪೈಪಿನಲ್ಲಿ ಗಾಳಿ ಸೇರಿದ್ದರೆ ಮೊದಲ ನಿಮಿಷಗಳಲ್ಲಿ ಆಯಿಲ್ ಬರುವುದಿಲ್ಲ. ಸ್ವಿಚ್ ಆಫ್ ಇಟ್ಟು, ಪ್ಲಗ್ ಕ್ಯಾಪ್ ಸಿಕ್ಕಿಸಿಯೇ, ನಾಲ್ಕೈದು ಸಲ ಮೆಲ್ಲಗೆ ಕಿಕ್ ಇಳಿಸಿ. ಆಮೇಲೆ ಸ್ವಿಚ್ ಆನ್, ಚೋಕ್, ಒಂದು ಪೂರ್ತಿ ಕಿಕ್.

ಹತ್ತು ಕಿಕ್‌ಗೆ ಆಗದಿದ್ದರೆ ನಿಲ್ಲಿಸಿ ಪ್ಲಗ್ ತೆಗೆದು ನೋಡಿ. ಒದ್ದೆಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ಇಲ್ಲ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಈ ಒಂದು ನೋಟ ಅರ್ಧ ದಿನದ ಕೆಲಸ ಉಳಿಸುತ್ತದೆ.

ಸ್ಟಾರ್ಟ್ ಆದಾಗ ನೀವು ಬಿಟ್ಟ ಆಯಿಲ್ ಉರಿದು ದಟ್ಟ ಬಿಳಿ ಹೊಗೆ ಬರುವುದು ಸಹಜ. ಹತ್ತು ನಿಮಿಷದ ನಂತರವೂ ಅಷ್ಟೇ ಹೊಗೆಯಿದ್ದು, ಗೇರ್ ಆಯಿಲ್ ಕಡಿಮೆಯಾಗುತ್ತಿದ್ದರೆ ಟೂ ಸ್ಟ್ರೋಕ್‌ನಲ್ಲಿ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ. ಆಕ್ಸಿಲರೇಟರ್ ಮುಟ್ಟದೆಯೇ ರೇಸ್ ತಾನಾಗಿ ಏರುತ್ತಿದ್ದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ: ಇನ್ನೊಂದು ಬದಿಯ ಸೀಲ್ ಅಥವಾ ಬಿರುಕುಬಿಟ್ಟ ಇನ್‌ಟೇಕ್ ರಬ್ಬರ್. ತಕ್ಷಣ ಸ್ವಿಚ್ ಆಫ್ ಮಾಡಿ. ಹಾಗೆಯೇ ಓಡಿಸಿದರೆ ಪಿಸ್ಟನ್ ಅತಿಯಾಗಿ ಕಾದು ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಲೋಹ ಬಡಿಯುವ ಸದ್ದು, ಬಟ್ಟಲಿನಿಂದ ಪೆಟ್ರೋಲ್ ತೊಟ್ಟಿಕ್ಕುವುದು, ಎರಡರಲ್ಲಿ ಯಾವುದಿದ್ದರೂ ಮುಂದುವರಿಯಬೇಡಿ.

ಹಂತ 8: ರಸ್ತೆಗೆ

ಮೊದಲ ಓಟ ಮನೆಯ ಸುತ್ತಲಿನ ಒಳರಸ್ತೆಯಲ್ಲಿ, ತಳ್ಳಿಕೊಂಡು ಮರಳಬಹುದಾದಷ್ಟು ದೂರ. ರಾಷ್ಟ್ರೀಯ ಹೆದ್ದಾರಿ 66ಕ್ಕೆ ಅಂದೇ ಇಳಿಯಬೇಡಿ. ಆಗುಂಬೆ, ಚಾರ್ಮಾಡಿ ಘಾಟಿಯ ಆಸೆಯನ್ನು ಎರಡನೇ ಟ್ಯಾಂಕ್ ಪೆಟ್ರೋಲ್ ಮುಗಿಯುವವರೆಗೆ ತಡೆದುಕೊಳ್ಳಿ. ಮರಳಿದ ಮೇಲೆ ಎಂಜಿನ್ ತಣ್ಣಗಾಗಲಿ, ಎಲ್ಲ ನಟ್ ಬಿಗಿಮಾಡಿ, ಪ್ಲಗ್ ಬಣ್ಣ ನೋಡಿ. ತಿಳಿ ಕಂದು ಸರಿ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಎಂಜಿನ್ ಅತಿಯಾಗಿ ಕಾಯುತ್ತಿದೆ.

ದಾಖಲೆಗಳನ್ನೂ ನೋಡಿಕೊಳ್ಳಿ. 15 ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ವಿಮೆ ಮತ್ತು ಹೊಗೆ ತಪಾಸಣೆ ಪತ್ರ ಮಳೆಗಾಲದಲ್ಲೇ ಅವಧಿ ಮುಗಿಸಿರಬಹುದು.

ಹಳೆಯ ಗುಡ್ಡಗಾಡು ಸೈಕಲ್ ಇದ್ದವರಿಗೆ

26 ಇಂಚಿನ ಚಕ್ರದ ಹಳೆಯ ಉಕ್ಕಿನ ಸೈಕಲ್‌ಗಳಲ್ಲಿ ಬರುವ ಪ್ರಶ್ನೆ ಒಂದೇ: ಸೀಟಿನ ಕಂಬ ಮೇಲಕ್ಕೂ ಬರುವುದಿಲ್ಲ, ಕೆಳಕ್ಕೂ ಹೋಗುವುದಿಲ್ಲ. ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಕಂಬವಿದ್ದು, ಉಪ್ಪು ತೇವ ಸೇರಿದರೆ ಅಲ್ಯೂಮಿನಿಯಂ ಕೊರೆದುಹೋಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಲೋಹಕ್ಕಿಂತ ಹೆಚ್ಚು ಜಾಗ ಬೇಕು, ಕಂಬ ಬಿಗಿದುಕೊಳ್ಳುತ್ತದೆ.

ಕ್ಲ್ಯಾಂಪ್ ಬೋಲ್ಟನ್ನು ಪೂರ್ತಿ ಬಿಚ್ಚಿ, ಕಂಬ ಒಳಹೋಗುವ ಸಂದಿಗೆ ತುಕ್ಕಿನ ಸ್ಪ್ರೇ ಬಿಟ್ಟು ಎರಡು ಮೂರು ದಿನ ದಿನವೂ ಅದನ್ನೇ ಮಾಡಿ. ಬೆಂಕಿ ಹಿಡಿದು ಕಾಯಿಸುವವರಿದ್ದಾರೆ. ಕಾದರೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಇನ್ನಷ್ಟು ಬಿಗಿಯುತ್ತದೆ. ಬಣ್ಣವೂ ಹೋಗುತ್ತದೆ, ಸ್ಪ್ರೇಗೂ ಬೆಂಕಿ ಹತ್ತುತ್ತದೆ. ತಣ್ಣಗಾಗಿಸಿದರೆ ಅದೇ ಗುಣ ನಮ್ಮ ಪರವಾಗುತ್ತದೆ. ಮೀನುಗಾರಿಕೆ ಬಂದರಾದ ಮಲ್ಪೆಯ ಕಡೆ ಮಂಜುಗಡ್ಡೆಗೆ ಬರವಿಲ್ಲ. ಪುಡಿ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕಂಬದ ಹೊರಗಿನ ಭಾಗಕ್ಕೆ ಅರ್ಧ ಗಂಟೆ ಸುತ್ತಿ. ಆಮೇಲೆ ಹಳೆಯ ಸೀಟನ್ನು ಹಿಡಿಕೆಯಾಗಿ ಬಳಸಿ ಎಡಕ್ಕೂ ಬಲಕ್ಕೂ ತಿರುಚಿ, ನೇರವಾಗಿ ಎಳೆಯಬೇಡಿ. ಫ್ರೇಮನ್ನು ವೈಸ್‌ಗೆ ಹಾಕಿದರೆ ತೆಳು ಕೊಳವೆ ನೆಗ್ಗುತ್ತದೆ.

ಹೊರಬಂದ ಮೇಲೆ ಕಂಬದ ಮೇಲೆ ಕೆತ್ತಿದ ಅಳತೆ ನೋಡಿ. 26.8 ಮಿಲಿಮೀಟರಿನ ಜಾಗಕ್ಕೆ 26.6 ಹಾಕಿದರೆ ಸದ್ದು ಮಾಡುತ್ತದೆ, ಫ್ರೇಮಿನ ಬಾಯಿಯೂ ಹಿಸಿಯುತ್ತದೆ. ಬ್ರೇಕ್ ರಬ್ಬರ್ ಹೊಳೆಯುವಷ್ಟು ಗಟ್ಟಿಯಾಗಿದ್ದರೆ ಮರಳು ಕಾಗದದಲ್ಲಿ ಮೇಲ್ಪದರ ತೆಗೆಯಿರಿ, ರಿಮ್ಮಿಗೆ ಆಯಿಲ್ ತಾಗದಂತೆ ಚೈನಿಗೆ ಆಯಿಲ್ ಹಾಕಿ. ಚೈನಿಗೆ ತೆಂಗಿನೆಣ್ಣೆ ಬೇಡ, ಕೆಲವೇ ವಾರಗಳಲ್ಲಿ ಅಂಟಾಗಿ ಧೂಳನ್ನು ಹಿಡಿದಿಡುತ್ತದೆ.

ಮುಂದಿನ ಪತ್ತನಾಜೆಯ ಹೊತ್ತಿಗೆ

ತುಳುವರ ಪತ್ತನಾಜೆ ಬರುವ ಮೇ ಕೊನೆಯ ವಾರ, ಮೊದಲ ದೊಡ್ಡ ಮಳೆಗೆ ಮುಂಚೆ, ಒಂದು ಸಂಜೆ ಇದಕ್ಕೆಂದು ತೆಗೆದಿಡಿ. ಟ್ಯಾಂಕ್ ಪೂರ್ತಿ ಬಸಿದು ಒಳಗೆ 2ಟಿ ಆಯಿಲ್ ಸುತ್ತಾಡಿಸಿ, ಕಾರ್ಬೊರೇಟರ್ ಬಟ್ಟಲಿನ ಪೆಟ್ರೋಲನ್ನೂ ಇಳಿಸಿ. ಪ್ಲಗ್ ತೂತಿಗೆ ಆಯಿಲ್ ಬಿಟ್ಟು, ಎರಡು ವಾರಕ್ಕೊಮ್ಮೆ ಹಿಂದಿನ ಚಕ್ರ ತಿರುಗಿಸಿ. ಬ್ಯಾಟರಿಯನ್ನು ಮನೆಯೊಳಗೆ ತನ್ನಿ. ಸೈಕಲ್‌ನ ಸೀಟ್ ಕಂಬಕ್ಕೆ ತೆಳುವಾಗಿ ಗ್ರೀಸ್ ಸವರಿ ಹಾಕಿ. ಪ್ಲಾಸ್ಟಿಕ್ ಟಾರ್ಪಾಲು ಗಾಡಿಗೆ ತಾಗಿಕೊಂಡಿದ್ದರೆ ತೇವ ಒಳಗೇ ಉಳಿಯುತ್ತದೆ. ಹಳೆಯ ಹತ್ತಿ ಸೀರೆ ಹೊದಿಸಿ, ಟಾರ್ಪಾಲನ್ನು ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಕಟ್ಟಿ. ಸೈಲೆನ್ಸರ್ ಬಾಯಿಗೆ ಆಯಿಲ್ ಹಾಕಿದ ಬಟ್ಟೆ ತುರುಕಿ, ಅದರ ಒಂದು ತುದಿಯನ್ನು ಕಿಕ್ಕರ್‌ಗೆ ಕಟ್ಟಿ. ಅಕ್ಟೋಬರ್‌ನಲ್ಲಿ ಯಾರೇ ಕಾಲಿಟ್ಟರೂ ಮೊದಲು ಆ ಗಂಟು ಬಿಚ್ಚಬೇಕಾಗುತ್ತದೆ.